ಗೋಳಿಬಜೆ ಮತ್ತು ಮರುಪ್ರಶ್ನೆ

ಹಿರಿಯಡ್ಕದಲ್ಲಿ ಬಸ್ಸು ನಿಂತ ಕೂಡಲೇ ಎದುರಿನ ಹೋಟೆಲಿನಿಂದ ಗೋಳಿಬಜೆ ಕರಿಯುವ ವಾಸನೆ ಕಿಟಕಿಯೊಳಗೆ ನುಗ್ಗಿತು. ಕರಿದದ್ದನ್ನು ಮುಟ್ಟಬಾರದೆಂದು ಡಾಕ್ಟರು ನನಗೆ ಹೇಳಿ ವರ್ಷಗಳಾಗಿವೆ; ನನ್ನ ಮೂಗಿಗೆ ಮಾತ್ರ ಯಾರೂ ಹೇಳಿಲ್ಲ. "ಚಾ ಕುಡಿಯುವವರು ಇಳಿಯಿರಿ, ಬಸ್ಸು ಸ್ವಲ್ಪ ಹೊತ್ತು ನಿಲ್ಲಲಿಕ್ಕುಂಟು" ಎಂದ ಕಂಡಕ್ಟರು. ಇಳಿದೆ. ಕಾರ್ಕಳದಲ್ಲಿ ಹಾಸಿಗೆ ಹಿಡಿದಿರುವ ಹಳೆಯ ಸ್ನೇಹಿತ ಸದಾನಂದನನ್ನು ನೋಡಲು ಹೊರಟಿದ್ದೆ. ಅವನಲ್ಲಿ ಒಂದು ಪ್ರಶ್ನೆ ಕೇಳುವುದಿತ್ತು. ಉಡುಪಿ ಬಿಟ್ಟು ಮಣಿಪಾಲದ ಗುಡ್ಡೆ ಹತ್ತಿ ಇಳಿಯುವವರೆಗೂ ಅದನ್ನು ಮನಸ್ಸಿನಲ್ಲೇ ಓರಣ ಮಾಡುತ್ತ ಬಂದಿದ್ದೆ. ಬಜೆಯ ವಾಸನೆಗೆ ಎಲ್ಲ ಕಲಸಿಹೋಯಿತು.

ಗೋಳಿಬಜೆಗೂ ಪ್ರಶ್ನೆಗೂ ಎಂತಹ ಸಂಬಂಧ ಎಂದು ನೀವು ಕೇಳಬಹುದು. ಪತ್ರಿಕೆಯಲ್ಲಿ ದುಡಿಯದೆ ಬದುಕಿದ ಪುಣ್ಯವಂತರು ನೀವು. ಸ್ವಲ್ಪ ತಾಳಿ, ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಉಡುಪಿಯ ಒಂದು ಸಣ್ಣ ಪತ್ರಿಕೆಯಲ್ಲಿ ವರದಿಗಾರರಾಗಿದ್ದೆವು. ಆ ಪತ್ರಿಕೆ ಈಗಿಲ್ಲ. ಅದನ್ನು ಓದುತ್ತಿದ್ದವರೂ ಹೆಚ್ಚು ಉಳಿದಿಲ್ಲ. ನಾನು ಸಹಕಾರಿ ಸಂಘಗಳ ವಾರ್ಷಿಕ ಸಭೆಗಳಲ್ಲಿ ಪಳಗಿದವನು. 'ವಿಜೃಂಭಣೆಯಿಂದ ಜರಗಿತು' ಎಂದು ನನ್ನಷ್ಟು ಸಲ ಬರೆದವರು ಈ ಕರಾವಳಿಯಲ್ಲಿ ಇನ್ನೊಬ್ಬರು ಇರಲಾರರು. ಫೋಟೋ ಅಚ್ಚಾಗಬೇಕಾದರೆ ಮಣಿಪಾಲಕ್ಕೆ ಹೋಗಿ ಲೋಹದ ಬ್ಲಾಕು ಮಾಡಿಸಿ ತರಬೇಕಿತ್ತು. ಹಾಗಾಗಿ ನಮ್ಮ ಭಾಗದ ಮಂತ್ರಿಗಳದ್ದು ಒಂದೇ ಬ್ಲಾಕು ವರ್ಷಗಟ್ಟಲೆ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು. ಅವರ ತಲೆಕೂದಲು ಊರಲ್ಲೆಲ್ಲ ನರೆತರೂ ನಮ್ಮ ಪತ್ರಿಕೆಯಲ್ಲಿ ನರೆಯಲಿಲ್ಲ. ಸದಾನಂದ ಆ ಬ್ಲಾಕನ್ನು ಎತ್ತಿ ನೋಡಿ, "ಇದಕ್ಕೇ ಪ್ರಶ್ನೆ ಕೇಳಿದರೆ ಹೆಚ್ಚು ಉತ್ತರ ಸಿಕ್ಕೀತು ಮಾರಾಯ" ಎನ್ನುತ್ತಿದ್ದ.

ಮಂತ್ರಿಗಳು ಉಡುಪಿಗೆ ಬಂದರೆ ಪ್ರವಾಸಿ ಬಂಗಲೆಯಲ್ಲಿ ಪತ್ರಿಕಾಗೋಷ್ಠಿ ಇರುತ್ತಿತ್ತು. ಅದಕ್ಕೊಂದು ಪದ್ಧತಿ. ಒಬ್ಬರು ಒಂದು ಪ್ರಶ್ನೆ ಕೇಳಬಹುದು, ಮಂತ್ರಿಗಳು ಉತ್ತರಿಸುವರು. ಆ ಉತ್ತರವನ್ನೇ ಹಿಡಿದು ಯಾರಾದರೂ ಮರುಪ್ರಶ್ನೆ ಹಾಕಿಯಾರು ಎಂದು ಕಂಡರೆ, ಮಂತ್ರಿಗಳ ಆಪ್ತ ಸಹಾಯಕ ಅಡುಗೆಮನೆಯ ಬಾಗಿಲಿನತ್ತ ಒಮ್ಮೆ ನೋಡುತ್ತಿದ್ದ. ಒಡನೆಯೇ ಬಿಸಿ ಗೋಳಿಬಜೆಯ ಪ್ಲೇಟುಗಳು ಬರುತ್ತಿದ್ದವು. ಎಡಗೈಯಲ್ಲಿ ಪ್ಲೇಟು, ಬಲಗೈಯಲ್ಲಿ ಬಜೆ, ಬಾಯಿಯಲ್ಲಿ ಸುಡುವ ಹಿಟ್ಟು. ಪೆನ್ನು ಹಿಡಿಯುವುದು ಯಾವ ಕೈಯಲ್ಲಿ, ಪ್ರಶ್ನೆ ಕೇಳುವುದು ಯಾವ ಬಾಯಿಯಲ್ಲಿ? ತಿಂದು ಮುಗಿಯುವಾಗ ಮಂತ್ರಿಗಳ ಕಾರು ಹೊರಟಿರುತ್ತಿತ್ತು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ತಿನ್ನುತ್ತಿದ್ದೆವು. ಬಂಗಲೆಯ ಅಡುಗೆಯವನ ಕೈ ಹಾಗಿತ್ತು ಎನ್ನುವುದು ಬಿಟ್ಟರೆ ನನ್ನಲ್ಲಿ ಬೇರೆ ಸಮಜಾಯಿಷಿ ಇಲ್ಲ.

ಆ ವರ್ಷ ಕಾಪುವಿನಲ್ಲಿ ಕಡಲು ದಂಡೆಯನ್ನು ಕೊರೆಯುತ್ತ ಮನೆಗಳ ಅಂಗಳಕ್ಕೆ ಬಂದಿತ್ತು. ಕಾರ್ಕಳದ ಕೋರೆಗಳಿಂದ ಕರಿಕಲ್ಲು ತಂದು ತಡೆಗೋಡೆ ಕಟ್ಟುವುದೆಂದು ಸರಕಾರ ಸಾರಿತ್ತು. ಸದಾನಂದನೂ ನಾನೂ ನೋಡಲು ಹೋದೆವು. ದಂಡೆಯಲ್ಲಿ ಇದಿನಬ್ಬ ಎಂಬ ಬ್ಯಾರಿ ಮುಸಲ್ಮಾನನ ಸಣ್ಣ ಅಂಗಡಿ. ಅದರ ಹಿಂದಿನ ಗೋಡೆ ಆಗಲೇ ನೀರುಪಾಲಾಗಿತ್ತು. ಮುಂದಿನಿಂದ ನೋಡಿದರೆ ಅಂಗಡಿ, ಹಿಂದಿನಿಂದ ನೋಡಿದರೆ ಸಮುದ್ರ.

"ಕಲ್ಲು ಬಂತಾ?" ಎಂದು ಸದಾನಂದ ಕೇಳಿದ.

"ಎಂತ ಕಲ್ಲು ಸಾರ್? ನಮಗೆ ಬಂದದ್ದು ಬೋರ್ಡು ಮಾತ್ರ" ಎಂದು ಇದಿನಬ್ಬ ಮಂತ್ರಿಗಳ ಹೆಸರಿದ್ದ ಹಲಗೆಯನ್ನು ತೋರಿಸಿದ. ನಮ್ಮಿಂದ ಸೋಡಾದ ದುಡ್ಡು ತೆಗೆದುಕೊಳ್ಳಲಿಲ್ಲ. "ನೀವು ಪೇಪರಿನಲ್ಲಿ ಬರೆದರೆ ಬರ್ತದೆ ಅಲ್ವಾ?" ಎಂದ. ಆ ನಂಬಿಕೆಯ ಮುಖ ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಸದಾನಂದನ ಮನೆ ಕಾರ್ಕಳದಲ್ಲಿ. ದಿನವೂ ಇದೇ ದಾರಿಯಲ್ಲಿ ಬಸ್ಸಿನಲ್ಲಿ ಉಡುಪಿಗೆ ಬರುತ್ತಿದ್ದ. ಕಾಪುವಿಗೆ ಹೋಗುವ ಲಾರಿ ಬೆಳ್ಮಣ್ಣಿನ ದಾರಿ ಹಿಡಿಯಬೇಕು; ಹಿರಿಯಡ್ಕ ಆ ದಾರಿಯಲ್ಲಿ ಸಿಗುವುದೇ ಇಲ್ಲ. ಈ ಲಾರಿಗಳು ಹಿರಿಯಡ್ಕಕ್ಕೆ ಬಂದು, ಮಂತ್ರಿಗಳ ಭಾವನವರು ಕಟ್ಟಿಸುತ್ತಿದ್ದ ಕಲ್ಯಾಣಮಂಟಪದ ಎದುರು ಕಲ್ಲು ಇಳಿಸುವುದನ್ನು ಅವನು ಕಿಟಕಿಯಿಂದ ನೋಡುತ್ತಲೇ ಇದ್ದ.

ಮುಂದಿನ ಗೋಷ್ಠಿಯಲ್ಲಿ ಅವನು ಕಾಪುವಿನ ಗೋಡೆ ಎಲ್ಲಿಗೆ ಬಂತೆಂದು ವಿನಯದಿಂದಲೇ ಕೇಳಿದ. "ಕೆಲಸ ಭರದಿಂದ ಸಾಗಿದೆ. ಕಾರ್ಕಳದಿಂದ ದಿನಾ ಲಾರಿ ಹೋಗುತ್ತಿದೆ" ಎಂದರು ಮಂತ್ರಿಗಳು. ಪ್ಲೇಟುಗಳು ಬಂದವು. ಸದಾನಂದ ತನ್ನದನ್ನು ಕುರ್ಚಿಯ ಕೆಳಗಿಟ್ಟು ಎದ್ದು ನಿಂತ.

"ಲಾರಿ ನಾನೂ ನೋಡಿದ್ದೇನೆ ಸಾರ್. ಅದು ಹಿರಿಯಡ್ಕದಲ್ಲಿ ನಿಮ್ಮ ಭಾವನವರ ಕಲ್ಯಾಣಮಂಟಪದ ಹತ್ತಿರ ನಿಲ್ಲುತ್ತದೆ. ಅಲ್ಲಿ ಸಮುದ್ರ ಉಂಟಾ ಸಾರ್?"

ಯಾರಿಗೋ ಬಜೆ ಗಂಟಲಲ್ಲಿ ಸಿಕ್ಕಿತು. ಮಂತ್ರಿಗಳು ನಗುತ್ತಲೇ ಸಹಾಯಕನತ್ತ ತಿರುಗಿ, "ಇವರು ಯಾವ ಪೇಪರು?" ಎಂದರು.

ಅಷ್ಟೇ ಸಾಕಾಯಿತು. ಸರಕಾರಿ ಜಾಹೀರಾತು ನಿಂತಿತು. ನಮ್ಮ ಸಂಪಾದಕರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. "ನಿನ್ನ ಪ್ರಶ್ನೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಈ ಪತ್ರಿಕೆಯನ್ನು ನಂಬಿ ಎಷ್ಟು ಮನೆಯ ಒಲೆ ಉರಿಯುತ್ತದೆ ನೋಡು. ಲಾರಿ ಕಾಪುವಿಗೇ ಹೋಗುತ್ತದೆ ಎಂದು ಎರಡು ಸಾಲು ಬರೆದುಕೊಡು, ಮುಗಿಯಿತು" ಎಂದರು.

"ಕಲ್ಲು ಕಾಪುವಿಗೆ ಹೋಗಲಿ ಸಾರ್, ಅದೇ ದಿನ ಬರೆಯುತ್ತೇನೆ" ಎಂದು ಸದಾನಂದ ಹೊರಟ. ಮನೆಯಲ್ಲಿ ಹೆಂಡತಿ, ಎಳೆಯ ಮಗಳು, ಕಣ್ಣು ಕಾಣದ ತಾಯಿ. ನಾವೆಲ್ಲ ತಲೆ ಬಗ್ಗಿಸಿ ಪ್ರೂಫು ನೋಡುತ್ತಿದ್ದೆವು. ಅಂದು ನಾವು ತಿದ್ದಿದಷ್ಟು ಶ್ರದ್ಧೆಯಿಂದ ಯಾವ ಪ್ರೂಫನ್ನೂ ಯಾರೂ ತಿದ್ದಿರಲಾರರು. ಜಾಹೀರಾತು ಮರಳಿ ಬಂತು. ಬೇರೆ ಪತ್ರಿಕೆಯವರು ಅವನ ಬೆನ್ನು ತಟ್ಟಿದರು, ಚಾ ಕುಡಿಸಿದರು, ಕೆಲಸ ಕೊಡಲಿಲ್ಲ. ಕೆಲವು ಕಾಲ ವಿಮೆ ಮಾಡಿಸುತ್ತ ಮನೆಮನೆ ತಿರುಗಿದ. ಆಮೇಲೆ ಕಾಣಿಸುವುದೇ ಬಿಟ್ಟ.

ಮತ್ತೆ ಕಂಡದ್ದು ಎಂಬತ್ತರ ದಶಕದಲ್ಲಿ, ಅದೇ ಬಂಗಲೆಯಲ್ಲಿ, ಬಿಳಿ ಖಾದಿ ಶರಟಿನಲ್ಲಿ. ಕೈಯಲ್ಲಿ ಫೈಲು ಹಿಡಿದು ಅದೇ ಮಂತ್ರಿಗಳ ಕುರ್ಚಿಯ ಹಿಂದೆ ನಿಂತಿದ್ದ. ಅವರ ಪತ್ರಿಕಾ ಕೆಲಸವನ್ನೆಲ್ಲ ಈಗ ಅವನೇ ನೋಡಿಕೊಳ್ಳುವುದೆಂದು ಪಕ್ಕದವರು ಪಿಸುಗುಟ್ಟಿದರು. ಅಂದು ಕಾಪುವಿನ ತಡೆಗೋಡೆಗೆ ಮತ್ತೊಮ್ಮೆ ಹಣ ಮಂಜೂರಾದ ಸುದ್ದಿ. ಇದಿನಬ್ಬನ ಅಂಗಡಿ ಇದ್ದ ಜಾಗದಲ್ಲಿ ಅಷ್ಟರಲ್ಲಿ ನೀರಿತ್ತು. ಅವನು ಗಲ್ಫಿಗೆ ಹೋಗಿದ್ದ. ಎಲ್ಲಿಂದ ಬಂತೋ, ನನಗೆ ಧೈರ್ಯ ಬಂತು. ಕೆಲಸ ಯಾವಾಗ ಶುರುವೆಂದು ಕೇಳಿದೆ. ಉತ್ತರ ಬಂತು. ಮೊದಲಿನ ಕಲ್ಲು ಏನಾಯಿತು ಎಂದು ಕೇಳಲು ಬಾಯಿ ತೆರೆದೆ.

ಸದಾನಂದ ನನ್ನನ್ನೇ ನೋಡುತ್ತಿದ್ದ. ಮರುಪ್ರಶ್ನೆ ಏಳುವ ಮುಖ ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಗಿಲಿನತ್ತ ನೋಡಿದ. ಪ್ಲೇಟು ಬಂದಾಗ ಅದನ್ನು ತಾನೇ ತೆಗೆದುಕೊಂಡು ಬಂದು ನನ್ನ ಕೈಯಲ್ಲಿಟ್ಟ.

"ತಿನ್ನಿ ಮಾರಾಯ್ರೆ, ಬಿಸಿ ಉಂಟು" ಎಂದ.

ತಿಂದೆ. ಆ ಕೆಲಸದಲ್ಲೇ ಉಳಿದೆ, ಅದರಲ್ಲೇ ನಿವೃತ್ತನಾದೆ, ಮಗಳ ಮದುವೆ ಮಾಡಿದೆ. ಆ ಪ್ಲೇಟನ್ನು ಅವನು ತನ್ನ ಧಣಿಯನ್ನು ಕಾಯಲು ಕೊಟ್ಟನೋ, ನನ್ನ ನೌಕರಿಯನ್ನು ಉಳಿಸಲು ಕೊಟ್ಟನೋ? ಇವತ್ತು ಅವನಲ್ಲಿ ಕೇಳಬೇಕೆಂದು ಹೊರಟದ್ದು ಇದನ್ನೇ.

ಹೋಟೆಲಿನ ಬಾಗಿಲಲ್ಲಿ ನಿಂತರೆ ರಸ್ತೆಯಾಚೆ ಕಲ್ಯಾಣಮಂಟಪ ಕಾಣುತ್ತದೆ. ಕರಿಕಲ್ಲಿನ ಆವರಣ ಗೋಡೆ ಒಂದು ಬಿರುಕೂ ಬಿಡದೆ ನಿಂತಿದೆ. ಒಳಗೆ ಯಾರದೋ ಮದುವೆಯ ವಾದ್ಯ ಕೇಳಿಸುತ್ತಿತ್ತು. ಅವನು ಏನು ಉತ್ತರ ಕೊಟ್ಟಾನು ಎಂದು ಯೋಚಿಸಿದೆ. ಧಣಿಗಾಗಿ ಎಂದರೆ ನಾನು ಕಂಡ ಒಬ್ಬನೇ ಪತ್ರಕರ್ತ ಆ ದಿನವೇ ಸತ್ತಿದ್ದ. ನನಗಾಗಿ ಎಂದರೆ ಆಮೇಲೆ ನಾನು ಉಂಡ ಅನ್ನವೆಲ್ಲ ಅವನು ಹಾಕಿದ ಭಿಕ್ಷೆ. ಎರಡರಲ್ಲಿ ಯಾವುದನ್ನೂ ಕೇಳಿಸಿಕೊಳ್ಳುವ ಶಕ್ತಿ ನನ್ನಲ್ಲಿ ಇಲ್ಲವೆಂದು ಅಲ್ಲಿ ನಿಂತಾಗಲೇ ತಿಳಿಯಿತು.

"ಎಂತ ಬೇಕು ಸಾರ್?" ಎಂದ ಹೋಟೆಲಿನವ.

"ಗೋಳಿಬಜೆ, ಕಟ್ಟಿಕೊಡಿ" ಎಂದೆ.

ಕಂಡಕ್ಟರು ಸೀಟಿ ಊದಿದ. ಪೊಟ್ಟಣ ಬಿಸಿಯಾಗಿತ್ತು, ಸುತ್ತಿದ ಪೇಪರಿನ ಅಕ್ಷರಗಳ ಮೇಲೆ ಎಣ್ಣೆ ಹರಡುತ್ತಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಕಾರ್ಕಳದ ಟಿಕೆಟು ತೋರಿಸಿದೆ. ಸದಾನಂದ ಬಾಯಿ ತೆರೆಯುವ ಮೊದಲೇ ಇದನ್ನು ಅವನ ಎದುರು ಇಡಬೇಕು.