ಅರಸಿನ ಬಸ್ಸು ಬಿಳಿಯಾದ ತಿಂಗಳು

ನಮ್ಮ ಕಡೆ ಬೋರ್ಡು ಓದಿ ಬಸ್ಸು ಹತ್ತುವವರು ಕಡಿಮೆ. ಬೋರ್ಡಿನ ಅಕ್ಷರ ಕಾಣುವಷ್ಟು ಹತ್ತಿರ ಬಂದ ಮೇಲೆ ಕೈ ತೋರಿಸಿದರೆ ಬಸ್ಸು ಹೋಗಿ ನಿಲ್ಲುವುದು ಮುಂದಿನ ಮೋರಿಯ ಹತ್ತಿರ. ಹಾಗಾಗಿ ತಿರುವಿನಲ್ಲಿ ಬಸ್ಸಿನ ಮೋರೆ ಕಂಡ ಕೂಡಲೇ ಜನ ತೀರ್ಮಾನ ಮಾಡಿ ಆಗಿರಬೇಕು. ನೀಲಿ ಕಂಡರೆ ಸುಮ್ಮನೆ ನಿಲ್ಲುತ್ತಾರೆ, ಅದು ಕಾರ್ಕಳದ್ದು. ಹಸಿರು ಕಂಡರೆ ಚೀಲ ಎತ್ತಿಕೊಳ್ಳುತ್ತಾರೆ, ಅದು ಮೂಡುಬಿದಿರೆಯದ್ದು. ನನ್ನ ಬಸ್ಸಿಗೂ ಒಂದು ಒಳ್ಳೆಯ ಹೆಸರಿದೆ. ಮುಂದಿನ ಗಾಜಿನ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಆ ಹೆಸರು ಹಿಡಿದು ಅದನ್ನು ಕರೆಯುವವರು ನನ್ನ ಹೆಂಡತಿ ಮತ್ತು ಆರ್‌ಟಿಒ ಕಚೇರಿಯವರು ಮಾತ್ರ. ಉಳಿದವರಿಗೆಲ್ಲ ಅದು ‘ಮಂಜಲ್ ಬಸ್ಸು’. ತುಳುವಿನಲ್ಲಿ ಮಂಜಲ್ ಎಂದರೆ ಅರಸಿನ.

ಬೆಳ್ತಂಗಡಿಯಿಂದ ಹೊರಟು ವೇಣೂರಿನ ಮೇಲೆ ಮೂಡುಬಿದಿರೆ, ಅಲ್ಲಿಂದ ಸಿದ್ದಕಟ್ಟೆ ದಾಟಿ ಬಂಟ್ವಾಳ. ಇದೇ ದಾರಿಯಲ್ಲಿ ನಾನು ಒಂದು ಕಾಲದಲ್ಲಿ ಬೇರೆಯವರ ಬಸ್ಸಿನ ಹಿಂದಿನ ಬಾಗಿಲಲ್ಲಿ ನೇತಾಡಿಕೊಂಡು ‘ರೈಟ್ ಪೋಯಿ’, ಹೊರಡುವ, ಎಂದು ಕೂಗುತ್ತಿದ್ದವನು. ಕ್ಲೀನರ್ ಆಗಿ ಸೇರಿ, ಕಂಡಕ್ಟರ್ ಆಗಿ, ಕೊನೆಗೆ ಯಾರೋ ಬೇಡವೆಂದು ಬಿಟ್ಟ ಬಸ್ಸನ್ನು ಚೌಕಾಸಿ ಮಾಡಿ ತೆಗೆದುಕೊಂಡೆ. ಅರಸಿನ ಬಣ್ಣ ನಾನು ಆರಿಸಿದ್ದೇನೂ ಅಲ್ಲ. ಬಂಟ್ವಾಳದ ಪೈಂಟರನಲ್ಲಿ ಯಾವುದೋ ಗೂಡ್ಸ್ ಗಾಡಿಗೆ ತಂದು ಉಳಿದ ಅರಸಿನ ಬಣ್ಣ ಇತ್ತು, ಅಗ್ಗಕ್ಕೆ ಕೊಟ್ಟ. ಹೊಟ್ಟೆಯ ಸುತ್ತ ಇದ್ದ ಕೆಂಪು ಪಟ್ಟಿಯಂತೂ ತುಕ್ಕು ಮುಚ್ಚಲು ಹೊಡೆಸಿದ್ದು. ಹೀಗೆ ಅಗ್ಗದ ಬಣ್ಣ ಮತ್ತು ತುಕ್ಕು ಸೇರಿ ನನಗೊಂದು ಗುರುತು ಮಾಡಿಕೊಟ್ಟವು. ಆಮೇಲೆ ಪ್ರತಿ ಸಲ ಎಫ್‌ಸಿಗೆ, ಅಂದರೆ ಆರ್‌ಟಿಒದವರ ಫಿಟ್ನೆಸ್ ಸರ್ಟಿಫಿಕೇಟಿಗೆ, ಹೋಗುವಾಗ ಅದೇ ಬಣ್ಣ ಹೊಡೆಸುತ್ತ ಬಂದೆ. ಅಭ್ಯಾಸ, ಅಷ್ಟೆ. ಅದರ ಬೆಲೆ ಗೊತ್ತಿದ್ದು ಮಾಡಿದ್ದಲ್ಲ.

ಗೊತ್ತಿದ್ದವರು ಹುಡುಗರು. ವೇಣೂರಿನ ಹತ್ತಿರದ ಒಂದು ಅಂಡರ್ ಆರ್ಮ್ ಕ್ರಿಕೆಟ್ ತಂಡದವರು ಒಮ್ಮೆ ಜೆರ್ಸಿಗೆ ಸಹಾಯ ಕೇಳಿಕೊಂಡು ಬಂದರು. ಕೊಟ್ಟೆ. ಹೊಲಿಸಿ ತಂದ ಅಂಗಿ ನೋಡಿದರೆ ಮೈಯೆಲ್ಲ ಅರಸಿನ, ಹೊಟ್ಟೆಗೆ ಕೆಂಪು ಪಟ್ಟಿ. ನನ್ನ ತುಕ್ಕಿನ ಪಟ್ಟಿ ಅವರ ಎದೆಯುಬ್ಬಿಸುವ ಸಂಗತಿಯಾಗಿತ್ತು. ಮೊಬೈಲಿನಲ್ಲಿ ಬಸ್ಸುಗಳದ್ದೇ ಪೇಜು ಮಾಡಿಕೊಂಡು ಯಾವ ಬಸ್ಸಿನ ಪೈಂಟು ಚಂದ, ಯಾವುದರ ಹಾರ್ನು ಚಂದ ಎಂದು ಜಗಳ ಮಾಡುವ ಹುಡುಗರು ನಮ್ಮಲ್ಲಿ ತುಂಬ ಇದ್ದಾರೆ. ಮನೆಯ ಗೋಡೆಗೆ ಯಾವ ಬಣ್ಣ ಎಂದು ಕೇಳಿದರೆ ಅವರಿಗೆ ತಿಳಿಯುವುದಿಲ್ಲ. ಬಸ್ಸಿನ ಪಟ್ಟಿ ಒಂದು ಬೆರಳು ದಪ್ಪವಾದರೆ ತಿಳಿಯುತ್ತದೆ.

ನನ್ನ ಮಗಳು ಮೂಡುಬಿದಿರೆಯ ಕಾಲೇಜಿನಲ್ಲಿ ಡಿಸೈನ್ ಓದುತ್ತಿದ್ದಳು, ಕೊನೆಯ ವರ್ಷ. ಅಕ್ಷರ, ಲೋಗೊ, ಪ್ಯಾಕೆಟ್ಟು, ಬೋರ್ಡು ಇದೆಲ್ಲ ಹೇಗಿರಬೇಕು ಎನ್ನುವ ಓದು. ನನ್ನ ಹೆಂಡತಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. “ಬೋರ್ಡು ಬರೆಯುವವ ಪೇಟೆಯಲ್ಲಿ ಮೊದಲೇ ಉಂಟಲ್ಲ, ಇದಕ್ಕೆ ಕಾಲೇಜು ಎಂತಕ್ಕೆ? ಬ್ಯಾಂಕಿನ ಪರೀಕ್ಷೆ ಬರಿ ಅಂತ ಹೇಳಿ ನನ್ನ ಬಾಯಿ ಒಣಗಿತು” ಎನ್ನುತ್ತಿದ್ದಳು.

ಕಳೆದ ಮಳೆಗಾಲದ ಆರಂಭದಲ್ಲಿ ಎಫ್‌ಸಿಯ ದಿನ ಹತ್ತಿರ ಬಂದಾಗ ಮಗಳು ಊಟದ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದಳು.

“ಅಪ್ಪ, ಈ ಸಲ ಬಸ್ಸಿನ ಡಿಸೈನ್ ನಾನು ಮಾಡ್ತೇನೆ.”

ಪರದೆಯ ಮೇಲೆ ಬೆಳ್ಳಗಿನ ಬಸ್ಸು. ಬದಿಯಲ್ಲಿ ಸಣ್ಣದೊಂದು ಗುರುತು, ಅದರ ಪಕ್ಕ ತೆಳ್ಳಗಿನ ಅಕ್ಷರ. ಮತ್ತೇನೂ ಇಲ್ಲ. ನೋಡಲು ತಂಪಾಗಿತ್ತು, ನಿಜ ಹೇಳಬೇಕು.

“ಇದೆಂತ, ಆಸ್ಪತ್ರೆಯ ಗೋಡೆಯಾ?” ಎಂದಳು ಹೆಂಡತಿ.

“ಅಮ್ಮ, ಕಡಿಮೆ ಇದ್ದಷ್ಟೂ ಕಣ್ಣಿಗೆ ನಿಲ್ತದೆ. ಈಗಿನವರಿಗೆ ಇದೇ ಇಷ್ಟ.”

ನಾನು ವ್ಯಾಪಾರಸ್ಥ. ಮನೆಯಲ್ಲಿ ಇಬ್ಬರು ಎರಡು ಕಡೆ ಎಳೆಯುವಾಗ ನನಗೆ ಗೊತ್ತಿರುವುದು ಒಂದೇ ದಾರಿ: ಶರ್ತ. “ಒಂದು ತಿಂಗಳು. ಬಸ್ಸಿನ ಹಳೆಯ ಜನ ಹಾಗೆಯೇ ಉಳಿದರೆ ನಿನ್ನ ದಾರಿಗೆ ನಾನೂ ಅಡ್ಡ ಬರುವುದಿಲ್ಲ, ಅಮ್ಮನೂ ಬರುವುದಿಲ್ಲ. ಜನ ಬಿಟ್ಟರೆ ನೀನು ಡಿಸೈನ್ ಕಟ್ಟಿಟ್ಟು ಬ್ಯಾಂಕಿನ ಪರೀಕ್ಷೆಗೆ ಓದಬೇಕು. ಆಯ್ತಾ?”

ಮಗಳು ನನ್ನ ಮುಖ ನೋಡಿದಳು. “ಆಯ್ತು” ಎಂದಳು. ಚೌಕಾಸಿಯೇ ಮಾಡಲಿಲ್ಲ. ಎದುರಿನವರು ಚೌಕಾಸಿ ಮಾಡದೆ ಒಪ್ಪಿದರೆ ಏನೋ ಎಡವಟ್ಟಾಗಿದೆ ಎಂದು ತಿಳಿಯಬೇಕು. ಗಿರಾಕಿಗಳ ವಿಷಯದಲ್ಲಿ ನನಗೆ ಅದು ಗೊತ್ತು, ಮಗಳ ವಿಷಯದಲ್ಲಿ ಹೊಳೆಯಲಿಲ್ಲ.

ಬಿಳಿ ಬಸ್ಸು ರಸ್ತೆಗಿಳಿದ ದಿನ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ವಿದ್ಯಾರ್ಥಿಗಳು ಅದರ ಎದುರು ನಿಂತು ಫೋಟೊ ಹೊಡೆದುಕೊಂಡರು. ರೀಲ್ಸ್ ಮಾಡಿದರು. ನನಗೆ ಖುಷಿಯಾಯಿತು. ಅದೇ ವಿದ್ಯಾರ್ಥಿಗಳು ಒಳಗೆ ಹತ್ತಿ ಕೂತ ಮೇಲೆ ವಿಷಯ ಬೇರೆಯಾಯಿತು.

“ಟಿಕೆಟ್” ಎಂದ ಕಂಡಕ್ಟರ್.

ಉತ್ತರ ಕರ್ನಾಟಕದ ಕಡೆಯ ಹುಡುಗನೊಬ್ಬ ಕೊರಳಿನ ಕಾರ್ಡು ಎತ್ತಿ ತೋರಿಸಿದ. “ಅಂಕಲ್, ಇದು ನಮ್ ಕಾಲೇಜ್ ಬಸ್ ಅಲ್ಲೇನ್ರಿ?”

“ಕಾಲೇಜಿನ ಬಸ್ಸಾದ್ರೆ ನಾನು ಪ್ರಿನ್ಸಿಪಾಲಾ ಮಾರಾಯ? ತೆಗಿ ದುಡ್ಡು.”

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಹುಡುಗ ತಪ್ಪು ಹೇಳಿರಲಿಲ್ಲ. ನಮ್ಮ ರಸ್ತೆಯಲ್ಲಿ ಬೆಳಗಾದರೆ ಓಡಾಡುವುದು ಕಾಲೇಜುಗಳ ಬಸ್ಸುಗಳೇ. ಬಿಳಿ ಮೈ, ಬದಿಯಲ್ಲೊಂದು ಸಣ್ಣ ಗುರುತು. ಕೈ ತೋರಿಸಿದರೂ ಅವು ನಿಲ್ಲುವುದಿಲ್ಲವಾದ್ದರಿಂದ ಯಾರೂ ಕೈ ತೋರಿಸುವುದಿಲ್ಲ. ನನ್ನ ಬಸ್ಸಿಗೂ ತೋರಿಸಲಿಲ್ಲ. ಮಳೆಯ ಬೆಳಗಿನಲ್ಲಂತೂ ಆ ಬಿಳಿ ಇದೆಯೋ ಇಲ್ಲವೋ ಎಂಬಂತಿತ್ತು. ಜನ ಛತ್ರಿ ಹಿಡಿದು ನಿಂತಿದ್ದಾರೆ, ಬಸ್ಸು ಮುಂದಿನಿಂದ ಹೋಗುತ್ತದೆ, ಅವರು ಇನ್ನೂ ತಿರುವಿನ ಕಡೆಗೇ ನೋಡುತ್ತಿದ್ದಾರೆ. ನಮ್ಮ ಹಿಂದೆಯೇ ಬರುವ ಹಸಿರು ಬಸ್ಸಿನವನಿಗೆ ಹಬ್ಬ.

ವೇಣೂರು ದಾಟಿದ ಮೇಲೆ ಒಂದು ಸ್ಟಾಪಿನಲ್ಲಿ ಬಸಳೆ, ಹರಿವೆ ಕಟ್ಟು ಹಿಡಿದುಕೊಂಡು ಒಬ್ಬರು ಅಜ್ಜಿ ಹತ್ತುತ್ತಿದ್ದರು. ಮೂಡುಬಿದಿರೆಯ ಮಾರ್ಕೆಟಿನಲ್ಲಿ ಮಾರುವುದು. ನಾನು ಕಂಡಕ್ಟರ್ ಆಗಿದ್ದ ಕಾಲದಿಂದ ನೋಡಿದ ಮುಖ. ನಮ್ಮ ಬಸ್ಸಿಗೆ ಹೋದರೆ ಸೊಪ್ಪು ಹಸಿಯಾಗಿಯೇ ಮಾರಿ ಮುಗಿಯುತ್ತದೆ. ತಡವಾದರೆ ಒಳ್ಳೆಯ ಗಿರಾಕಿಗಳು ಹೋಗಿ ಆಗಿರುತ್ತದೆ. ಕಂಡಕ್ಟರ್ ಒಂದು ದಿನ ಬಂದು ಹೇಳಿದ:

“ಧನಿ, ಅಜ್ಜಿ ಅಲ್ಲೇ ನಿಂತಿದ್ರು. ನಾನು ಬನ್ನಿ ಅಂತ ಕೈ ಬೀಸಿದೆ. ಅವರೂ ಟಾಟಾ ಮಾಡಿದ್ರು.”

ನಗು ಬರಲಿಲ್ಲ. ಮಾರನೆಯ ದಿನದಿಂದ ನಾನೇ ಬಸ್ಸಿಗೆ ಹೋಗತೊಡಗಿದೆ. ಹಿಂದಿನ ಬಾಗಿಲಲ್ಲಿ ನೇತಾಡಿಕೊಂಡು, ಈ ವಯಸ್ಸಿನಲ್ಲಿ, “ಮೂಡ್ಬಿದ್ರೆ, ಸಿದ್ದಕಟ್ಟೆ, ಬಂಟ್ವಾಳ!” ಎಂದು ಪ್ರತಿ ಸ್ಟಾಪಿಗೂ ಕೂಗಿದೆ. ಗಂಟಲು ಕಟ್ಟಿತು. ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತ ಹೆಂಡತಿ ಕೇಳಿದಳು: “ಶರ್ತ ಕಟ್ಟಿದ್ದು ನೀವು. ಮಗಳು ಗೆಲ್ಲಲಿ ಅಂತ ಬೊಬ್ಬೆ ಹೊಡೆಯುವುದೂ ನೀವು. ನೀವು ಯಾರ ಪಾರ್ಟಿ?”

ನಾನು ಬಾಯಿ ಮುಕ್ಕಳಿಸುವುದರಲ್ಲಿ ಮಗ್ನನಾದೆ.

ಕ್ರಿಕೆಟ್ ತಂಡದ ಹುಡುಗರೂ ಸುಮ್ಮನಿರಲಿಲ್ಲ. ಅವರ ಪೇಜಿನಲ್ಲಿ ಹಳೆಯ ಬಸ್ಸಿನ ಫೋಟೊ ಹಾಕಿ ಅದಕ್ಕೆ ಹೂವಿನ ಹಾರ ಹಾಕಿದ್ದರು, ಕೆಳಗೆ ‘ಮಂಜಲ್ ಇನ್ನಿಲ್ಲ’ ಎಂದು. ಮಗಳು ಅದನ್ನು ನೋಡಿದಳು. ಮೇಜಿನ ಮೇಲೆ ಅವಳಮ್ಮ ತಂದಿಟ್ಟಿದ್ದ ಬ್ಯಾಂಕ್ ಪರೀಕ್ಷೆಯ ಪುಸ್ತಕವನ್ನು ತನ್ನ ಕೋಣೆಗೆ ತೆಗೆದುಕೊಂಡು ಹೋದಳು. ಬಸ್ಸಿನ ಬಣ್ಣ ಬದಲಿಸಬಹುದು, ಮುಂದಿನ ವಾರವೇ ಬದಲಿಸಬಹುದು. ಒಮ್ಮೆ ‘ನನಗೆ ಇದು ಬರುವುದಿಲ್ಲ’ ಎಂದು ಮಕ್ಕಳು ತೀರ್ಮಾನ ಮಾಡಿದರೆ ಅದನ್ನು ಉಜ್ಜಿ ತೆಗೆಯುವ ಪೈಂಟರ್ ಬಂಟ್ವಾಳದಲ್ಲಿಲ್ಲ.

ಎರಡು ದಿನ ಕಳೆದಿರಬೇಕು. ಬೆಳಗಿನ ಟ್ರಿಪ್ಪಿನಲ್ಲಿ ನಾನು ಡ್ರೈವರನ ಪಕ್ಕ ನಿಂತಿದ್ದೆ. ವೇಣೂರು ದಾಟಿ ಆ ಸ್ಟಾಪಿನ ತಿರುವು ತಿರುಗಿದರೆ, ತಂಗುದಾಣದ ಕಲ್ಲುಬೆಂಚಿನ ಮೇಲೆ ಅಜ್ಜಿ, ಅವರ ಪಕ್ಕದಲ್ಲಿ ನನ್ನ ಮಗಳು! ಕಾಲೇಜಿಗೆ ಹೋಗುತ್ತೇನೆ ಎಂದು ಸ್ಕೂಟರಿನಲ್ಲಿ ಬೇಗ ಹೊರಟವಳು. ಬಸಳೆಯ ಕಟ್ಟು ಅವಳ ತೊಡೆಯ ಮೇಲಿತ್ತು. ಕಣ್ಣು ಅರ್ಧ ಮುಚ್ಚಿ ಬಸ್ಸಿನ ಕಡೆ ನೋಡುತ್ತಿದ್ದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಅವರಿಗೆ ಎಷ್ಟು ಕಾಣುತ್ತದೋ ಅಷ್ಟೇ ನೋಡುವ ಪ್ರಯತ್ನ ಅದು ಎಂದು ಆಮೇಲೆ ತಿಳಿಯಿತು. ಡ್ರೈವರ್ ನಿಲ್ಲಿಸಲು ಹೊರಟ. ಮಗಳು ಬೇಡ, ಹೋಗಿ ಎಂಬಂತೆ ಕೈ ಆಡಿಸಿದಳು.

ಸಂಜೆ ಬಂದವಳು ನೇರ ನನ್ನ ಹತ್ತಿರ ಬಂದಳು.

“ಅಪ್ಪ, ನಾನು ಬಸ್ಸನ್ನು ಪಕ್ಕದಿಂದ ನೋಡಿ ಡಿಸೈನ್ ಮಾಡಿದ್ದು. ಸ್ಟಾಪಿನಲ್ಲಿ ನಿಂತವರಿಗೆ ಪಕ್ಕ ಕಾಣುವಾಗ ಬಸ್ಸು ಹೋಗಿ ಆಯ್ತು. ಅವರು ನೋಡುವುದು ಮೋರೆ ಮಾತ್ರ.”

“ಅಜ್ಜಿ ಎಂತ ಹೇಳಿದ್ರು?”

“ಮಂಡೆ ಅರಸಿನ, ಹೊಟ್ಟೆಗೆ ಕೆಂಪು ಪಟ್ಟಿ, ಅಷ್ಟು ಕಂಡ್ರೆ ಸಾಕು ಮಗಾ, ಅಕ್ಷರ ಎಲ್ಲ ನಿಮಗೆ ಅಂದ್ರು.” ಹೆಗಲಿನ ಚೀಲ ಕೆಳಗಿಟ್ಟು, “ಕಾಲೇಜಿನ ಹುಡುಗಿ ನಾನು, ಕಾಲೇಜಿನ ಬಸ್ಸೇ ಮಾಡಿಬಿಟ್ಟೆ” ಎಂದಳು. “ತಿಂಗಳು ಮುಗಿಯಲಿಕ್ಕೆ ಇನ್ನೂ ದಿನ ಉಂಟು ಅಲ್ವಾ? ಎದುರಿನ ಭಾಗ ಮಾತ್ರ ಬದಲು ಮಾಡ್ಲಿಕ್ಕೆ ಬಿಡ್ತೀರಾ?”

ಅಷ್ಟು ಹೊತ್ತಿಗೆ ನಾನು ಪೈಂಟರನಿಗೆ ಫೋನು ಮಾಡಿ ಆಗಿತ್ತು.

ಎದುರಿನ ಮೋರೆ ಪೂರ್ತಿ ಅರಸಿನ, ಗಾಜಿನ ಕೆಳಗೆ ಅಗಲದ ಕೆಂಪು ಪಟ್ಟಿ. ಅದೇ ಪಟ್ಟಿ ಬದಿಗೆ ತಿರುಗಿ ತೆಳ್ಳಗಾಗಿ ಹಿಂದಿನವರೆಗೆ ಹೋಗಿ ಮುಗಿಯುತ್ತದೆ. ಬದಿಯ ಬಿಳಿ, ಅವಳ ಅಕ್ಷರ ಹಾಗೆಯೇ. ಹಳೆಯ ಬಸ್ಸಿಗಿಂತ ಚಂದ ಎಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಮಗಳಾದರೂ ಮೊದಲೇ ಹೊಗಳಿದರೆ ದರ ಏರುತ್ತದೆ.

ಬಸ್ಸು ಹೊರಟ ಮೊದಲ ಬೆಳಿಗ್ಗೆ ಮಗಳು ಹಿಂದಿನ ಸೀಟಿನಲ್ಲಿ ಕೂತಳು, ನಾನು ಮುಂದೆ. ಕಂಡಕ್ಟರನಿಗೆ ಹೇಳಿದ್ದೆ: ಕೂಗಬೇಡ, ಸೀಟಿ ಊದಬೇಡ. ಮಳೆ ಹನಿಯುತ್ತಿತ್ತು. ತಿರುವು ಬಂತು. ತಂಗುದಾಣದಲ್ಲಿ ಕಪ್ಪು ಛತ್ರಿ, ಅದರ ಕೆಳಗೆ ಸೊಪ್ಪಿನ ಕಟ್ಟು. ಛತ್ರಿ ಅಲುಗಲಿಲ್ಲ. ಡ್ರೈವರ್ ನನ್ನ ಮುಖ ನೋಡಿದ; ನಾನು ಅವನ ಮುಖ ನೋಡಲಿಲ್ಲ. ಆಮೇಲೆ ಛತ್ರಿ ಹಿಂದೆ ವಾಲಿತು, ಬಸಳೆಯ ಕಟ್ಟು ಹಿಡಿದ ಕೈ ಹಾಗೆಯೇ ಮೇಲೆದ್ದಿತು, ದಂಟುಗಳು ಗಾಳಿಗೆ ತೂಗಿದವು.

ಬಸ್ಸು ಸರಿಯಾಗಿ ಅವರ ಎದುರು ನಿಂತಿತು. ಅಜ್ಜಿ ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದರು: “ಇಷ್ಟು ದಿನ ಎಲ್ಲಿ ಹೋಗಿ ಸತ್ತಿತ್ತು ನಿಮ್ಮ ಬಸ್ಸು? ಗ್ಯಾರೇಜಿನಲ್ಲಾ? ನನ್ನ ಸೊಪ್ಪೆಲ್ಲ ಬಾಡಿ ಹೋಯ್ತು ಮಾರಾಯ!”

“ಹೌದಜ್ಜಿ, ಸ್ವಲ್ಪ ಹುಷಾರಿರಲಿಲ್ಲ, ಈಗ ಸರಿ ಆಯ್ತು” ಎಂದೆ. ಹಿಂದೆ ತಿರುಗಿ ನೋಡಿದರೆ ಮಗಳು ಕಿಟಕಿಗೆ ಮುಖ ಮಾಡಿ ಕೂತಿದ್ದಳು, ಭುಜ ಅಲುಗುತ್ತಿತ್ತು. ನಗುವೋ ಅಳುವೋ ನಾನು ಕೇಳಲಿಲ್ಲ. ಮನೆಗೆ ಬಂದ ಮೇಲೆ ಅವಳಮ್ಮ ಬ್ಯಾಂಕಿನ ಪುಸ್ತಕವನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಳು. “ಸುಮ್ಮನೆ ಧೂಳು ಹಿಡಿಯುವುದು ಎಂತಕ್ಕೆ?” ಎಂದಳು, ಅಷ್ಟೆ. ನನಗೆ ಅಷ್ಟು ಸಾಕಾಗಿತ್ತು.

ಅಂಗಡಿ ಇಡುವವರಿಗೆ, ಹೋಟೆಲು ತೆರೆಯುವವರಿಗೆ, ಉಪ್ಪಿನಕಾಯಿ ಬಾಟ್ಲಿಗೆ ಲೇಬಲ್ ಮಾಡಿಸುವವರಿಗೆ ನಾನೀಗ ಕೇಳದಿದ್ದರೂ ಒಂದು ಸಲಹೆ ಕೊಡುತ್ತೇನೆ. ನಿಮ್ಮ ಬೋರ್ಡನ್ನು ನೀವು ಕೂತಲ್ಲಿಂದ ನೋಡಬೇಡಿ. ರಸ್ತೆಯ ಆಚೆ ಬದಿಗೆ ಹೋಗಿ, ಮಳೆಯಲ್ಲಿ ಛತ್ರಿ ಹಿಡಿದು, ಕನ್ನಡಕ ತೆಗೆದು ನೋಡಿ. ಇನ್ನೊಂದು, ಹುಡುಗರು ಬಣ್ಣ, ಗುರುತು ಎಂದು ಹುಚ್ಚು ಕಟ್ಟಿಕೊಂಡರೆ ಬೈಯುವ ಮೊದಲು ಅವರನ್ನು ಒಮ್ಮೆ ಕೆಲಸಕ್ಕೆ ಹಚ್ಚಿ. ಹಾರ ಹಾಕಿದ ಆ ಕ್ರಿಕೆಟ್ ಹುಡುಗರೇ ಈಗ ಬಿಳಿ ತೋಳಿನ ಹೊಸ ಜೆರ್ಸಿ ಹೊಲಿಸಿದ್ದಾರೆ. ಮಗಳಿಂದಲೇ ಡಿಸೈನ್ ಮಾಡಿಸಿದರು. ಹಾರದ ಫೋಟೊವನ್ನು ಪೇಜಿನಿಂದ ತೆಗೆದ ಮೇಲೆಯೇ ಅವಳು ಒಪ್ಪಿದ್ದು.

ಮೊನ್ನೆ ಆ ಹಸಿರು ಬಸ್ಸಿನ ಮಾಲೀಕ ಮನೆಗೆ ಬಂದ. ಅವನ ಬಸ್ಸೂ ಎಫ್‌ಸಿಗೆ ಹೋಗಬೇಕು. ಚಹಾ ಕುಡಿದು ಮಗಳಿಗೆ ಹೇಳಿದ: “ನಂಗೂ ಹೀಗೇ ಒಂದು ಮಾಡಿ ಕೊಡಿ. ಎದುರು ಅರಸಿನ ಇದ್ರೂ ಅಡ್ಡಿಲ್ಲ.”

“ಆಗುವುದಿಲ್ಲ ಅಂಕಲ್. ಎರಡೂ ಅರಸಿನ ಆದ್ರೆ ಅಜ್ಜಿ ಯಾವುದಕ್ಕೆ ಕೈ ತೋರಿಸುವುದು? ನಿಮ್ಮ ಹಸಿರೇ ಇಟ್ಟು ಮಾಡುವ. ಆದರೆ ಮೊದಲು ನಿಮ್ಮ ಸ್ಟಾಪುಗಳಲ್ಲಿ ನಾನು ಸ್ವಲ್ಪ ದಿನ ಕೂತುಕೊಳ್ಳಬೇಕು.”

“ಕೂತುಕೊಳ್ಳಿ, ಅದಕ್ಕೆಂತ.”

ಬಣ್ಣದ ಕೆಲಸದಲ್ಲಿ ದರ ಇಳಿಸಿಯೇ ನನಗೆ ಅಭ್ಯಾಸ. ಆ ದಿನ ಮೊದಲ ಬಾರಿಗೆ ಬಾಯಿ ಬೇರೆ ಕಡೆ ತಿರುಗಿತು.

“ಕೂತುಕೊಳ್ಳುವುದಕ್ಕೆ ಬೇರೆ ಚಾರ್ಜುಂಟು ಮಾರಾಯ್ರೆ” ಎಂದೆ.