ಬೀಳುವುದಕ್ಕೂ ಒಂದು ಋತು

ನವಲಗುಂದದ ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯೆದುರಿನ ಬೆಂಚಿನ ಮೇಲೆ ಅರ್ಧ ತಾಸು ಕುಳಿತರೆ, ಪಂಚಾಂಗ ನೋಡದೆಯೇ ಮಾಸ ಯಾವುದೆಂದು ಹೇಳಿಬಿಡಬಹುದು. ಬಿತ್ತಿಗೆಯ ಕಾಲಕ್ಕೆ ಹಾವು ಕಚ್ಚಿದವರು, ಹತ್ತಿಗೆ ಔಷಧ ಹೊಡೆಯುವ ಕಾಲಕ್ಕೆ ತಲೆ ತಿರುಗಿದವರು, ಬೇಸಿಗೆಗೆ ವಾಂತಿಭೇದಿಯವರು. ಶ್ರಾವಣದ ಪಂಚಮಿ ಬಂತೆಂದರೆ ಜೋಕಾಲಿಯಿಂದ ಬಿದ್ದು ಕೈ ಮುರಿದುಕೊಂಡ ಹೆಣ್ಣುಮಕ್ಕಳು. ಅನ್ಯಾಯ ಕಂಡಲ್ಲೆಲ್ಲ ಮನವಿಪತ್ರ ಬರೆಯುವ ವ್ಯಸನವುಳ್ಳ ನಾನು ಒಮ್ಮೆ ಜೋಕಾಲಿಯ ಹಗ್ಗದ ವಿರುದ್ಧವೂ ಬರೆದು, ಮೊರಬದ ನಮ್ಮ ಓಣಿಯ ಹೆಂಗಸರಿಂದ ಯಥೇಚ್ಛವಾಗಿ ಬೈಸಿಕೊಂಡಿದ್ದೇನೆ. ವರ್ಷಕ್ಕೊಮ್ಮೆ ತವರಿಗೆ ಬಂದವರ ಕಾಲು ನೆಲ ಬಿಡುವ ಸುಖವನ್ನೂ ಕಸಿಯಹೊರಟ ಸುಧಾರಕಿ ನಾನು.

ಈ ಪಂಚಮಿಗೆ ತಂಬೂರದ ಗಂಡನ ಮನೆಯಿಂದ ಬಂದಿದ್ದ ನೆರೆಮನೆಯ ಮಗಳು ನೀಲವ್ವ, ತಾನೂ ಜೋಕಾಲಿಯಿಂದ ಬಿದ್ದೆನೆಂದು ಊದಿದ ಮುಂಗೈ ತೋರಿಸಿದಳು; ನಾನು ಅವಳನ್ನು ಆಸ್ಪತ್ರೆಗೆ ಹೊರಡಿಸಿದೆ. ಹಬ್ಬ ಮುಗಿಯಿತೆಂದು ಅವಳನ್ನು ಕರೆದೊಯ್ಯಲು ಬಂದಿದ್ದ ಗಂಡನೂ ನಮ್ಮೊಡನೆ ಆಸ್ಪತ್ರೆಗೆ ಬಂದು ಹೊರಗೆ ನಿಂತ. ಒಳಗೆ ಎಕ್ಸ್‌ರೇ ನೋಡಿದ ಡಾಕ್ಟರಮ್ಮ ಮೆಲ್ಲಗೆ ಹೇಳಿದರು:

"ಇದು ನಿನ್ನಿ ಮೊನ್ನಿ ಮುರಿದದ್ದಲ್ಲವ್ವಾ. ಎಲುವು ಸೊಟ್ಟ ಕೂಡಾಕ ಹತ್ತೈತಿ. ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಲಿಲ್ಲಂದ್ರ ಈ ಕೈಲೆ ರೊಟ್ಟಿ ಬಡಿಯೂದೂ ಆಗಂಗಿಲ್ಲ."

ನೀಲವ್ವ ನನ್ನ ಮುಖ ನೋಡಿದಳು. "ಗೋವಿನಜೋಳದಾಗ ಕಳೆ ತಗಿಯೂವಾಗ ಬಿದ್ದಿದ್ನಿರಿ ಅಕ್ಕಾರ. ಹೊಲದಾಗ ಬಿದ್ರ ಕೆಲಸಗಳ್ಳಿ ಅಂತಾರ. ಜೋಕಾಲಿಯಿಂದ ಬಿದ್ರ ನಕ್ಕು ಬಿಡ್ತಾರ."

ಓದುಗರೇ, ನಾನು ಋತುಮಾನದ ವ್ಯಾಧಿಯೆಂದು ತಿಳಿದದ್ದರಲ್ಲಿ ಅರ್ಧ ಋತುಮಾನದ ಅಪ್ಪಣೆಯಾಗಿತ್ತು. ಬೀಳುವುದು ಯಾವಾಗಲೋ, ಬಿದ್ದೆನೆಂದು ಹೇಳಿಕೊಳ್ಳಲು ಮನೆ ಒಪ್ಪುವ ತಿಂಗಳು ಯಾವುದೋ. ದುಡಿಮೆಯ ಗಾಯವನ್ನು ಅಪರಾಧವೆಂದೂ ಆಟದ ಗಾಯವನ್ನು ಕ್ಷಮ್ಯವೆಂದೂ ಎಣಿಸುವ ಈ ನ್ಯಾಯದ ವಿರುದ್ಧ ಯಾರ ವಿಳಾಸಕ್ಕೆ ಮನವಿ ಬರೆಯುವುದು?

ಹೊರಗೆ ವಿಷಯ ಕೇಳಿದ ಗಂಡ ನಕ್ಕ. "ಜೋಕಾಲಿ ಆಡಿ ಬಿದ್ದ ಕೈಗೆ ಹುಬ್ಬಳ್ಳಿ ಯಾಕ್ರಿ? ಇಲ್ಲೇ ಪಟ್ಟಿ ಕಟ್ಟಿಸ್ರಿ. ಊರಾಗ ಕೆಲಸ ಹಂಗ ಬಿದ್ದೈತಿ."

ಸ್ತ್ರೀಶ್ರಮದ ಕುರಿತ ನನ್ನ ಭಾಷಣ ಗಂಟಲವರೆಗೆ ಬಂದಿತ್ತು. ನೀಲವ್ವ ಒಳ್ಳೆಯ ಕೈಯಿಂದ ನನ್ನ ತೋಳು ಹಿಡಿದು ತಡೆದಳು.

"ನಮ್ಮ ಹೊಲದಾಗ ಮುರಕೊಂಡ ಕೈರಿ ಇದು," ಎಂದಳು ಅವನಿಗೆ. "ಮುರಕೊಂಡ ಮ್ಯಾಲೂ ಕಳೆ ತಗದೇನಿ. ಈ ಸಲ ನಾ ಜೋಕಾಲಿ ಹತ್ತೇ ಇಲ್ಲ."

ಅವನ ನಗೆ ನಿಂತಿತು. ಆ ಕೈಯನ್ನು ಮೊದಲ ಸಲ ಕಂಡವನಂತೆ ನೋಡುತ್ತ ನಿಂತವನು, ಕಡೆಗೆ ನನ್ನತ್ತ ತಿರುಗಿ ಕೇಳಿದ: "ಹುಬ್ಬಳ್ಳಿ ಬಸ್ಸು ಎಲ್ಲಿ ನಿಲ್ಲತೈತ್ರಿ ಅಕ್ಕಾರ?"