ವರ್ಷಕ್ಕೊಂದು ನಿವೃತ್ತಿ

ಕುವಾಬಾರಾ ಶಿಹೋ ಮೊದಲ ಸಲ ಸ್ಕೇಟಿಂಗ್‌ನಿಂದ ನಿವೃತ್ತಳಾದದ್ದು ಕಾಲೇಜು ಮುಗಿದ ವರ್ಷ. ಜಪಾನಿನಲ್ಲಿ ಅದೇ ವಾಡಿಕೆ. ಕಾಲೇಜು ಮುಗಿಯಿತೆಂದರೆ ಮಂಜಿನ ಮೇಲಿನ ಕುಣಿತವೂ ಮುಗಿಯಿತು. ಏಪ್ರಿಲ್ ಬಂತೆಂದರೆ ಕಪ್ಪು ಕೋಟು ಹಾಕಿಕೊಂಡು ಎಲ್ಲರೂ ಕೆಲಸಕ್ಕೆ ಸೇರಿಬಿಡುತ್ತಾರೆ. ಶಿಹೋ ಊರಿನ ಮೀನುವಡೆ ಕಾರ್ಖಾನೆಗೆ ಸೇರಿದಳು. ಬೀಳ್ಕೊಡುಗೆ ಭರ್ಜರಿಯಾಗಿಯೇ ನಡೆಯಿತು. ಪ್ರಾಂತ್ಯದ ಸ್ಕೇಟಿಂಗ್ ಒಕ್ಕೂಟದವರು ಹೂಗುಚ್ಛ ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು. ಅಧ್ಯಕ್ಷರು ಭಾಷಣದ ನಡುವೆ ಅತ್ತರು, ಶಿಹೋಳೂ ಅತ್ತಳು. ಅವಳ ಅಮ್ಮ ಮನೆಗೆ ಬಂದು ಗಡಿಯಾರಕ್ಕೆ ಮೊಳೆ ಹೊಡೆದಳು.

ಮರುವರ್ಷದ ನಿವೃತ್ತಿಗೆ ಟವೆಲ್ಲು ಕೊಟ್ಟರು. ಅದರ ಮರುವರ್ಷದ್ದಕ್ಕೆ ಚಹಾದ ಡಬ್ಬಿ. ಐದನೆಯ ನಿವೃತ್ತಿಯ ಹೊತ್ತಿಗೆ ಅಧ್ಯಕ್ಷರ ಕಣ್ಣು ಪೂರ್ತಿ ಒಣಗಿತ್ತು. ಊಟದ ಖರ್ಚನ್ನು ಎಲ್ಲರೂ ಸಮನಾಗಿ ಹಂಚಿಕೊಂಡರು, ನಿವೃತ್ತಳಾದವಳೂ ಸೇರಿ.

"ಈ ಸಲ ಏನು ಕೊಟ್ರು?" ಎಂದು ಅಮ್ಮ ಕೇಳಿದಳು.

"ಕೈ ಕುಲುಕಿದ್ರು."

"ಒಳ್ಳೇದಾಯ್ತು ಬಿಡು, ಮೊಳೆ ಹೊಡೆಯೋ ಕೆಲಸ ತಪ್ತು."

ಇಷ್ಟಕ್ಕೆಲ್ಲ ಕಾರಣ ಜನವರಿಯ ರಾಷ್ಟ್ರೀಯ ಕ್ರೀಡಾಕೂಟದ ಒಂದು ನಿಯಮ. ಅಲ್ಲಿ ಆಡುವುದು ಒಬ್ಬೊಬ್ಬರೇ, ಆದರೆ ಪ್ರಾಂತ್ಯದ ಹೆಸರಿನಲ್ಲಿ ಇಬ್ಬರು ಹೆಂಗಸರು ಜೊತೆಯಾಗಿ ಹೆಸರು ಕೊಡಬೇಕು. ಒಬ್ಬಳೇ ಬಂದರೆ ಒಳಗೆ ಬಿಡುವುದಿಲ್ಲ. ಶಿಕೋಕು ದ್ವೀಪದ ನಮ್ಮ ಕಡೆಯವರು ಹಿಮ ಬೀಳುವುದನ್ನು ಹೆಚ್ಚಾಗಿ ಟೀವಿಯಲ್ಲೇ ನೋಡುವವರು. ಒಕ್ಕೂಟಕ್ಕೆ ಒಬ್ಬ ಅಧ್ಯಕ್ಷರು, ಮೂವರು ಉಪಾಧ್ಯಕ್ಷರು, ಒಬ್ಬ ಖಜಾಂಚಿ, ಒಬ್ಬ ಕಾರ್ಯದರ್ಶಿ ಇದ್ದರು. ಸ್ಕೇಟ್ ಮಾಡಲು ಬರುವ ದೊಡ್ಡ ಹೆಂಗಸರು ಇದ್ದದ್ದು ಇಬ್ಬರೇ. ಒಬ್ಬಳು ಶಿಹೋ. ಇನ್ನೊಬ್ಬಳು ಅವಳಿಗಿಂತ ಕೊಂಚ ಹಿರಿಯಳಾದ ಹಮಾಗುಚಿ ರಿತ್ಸುಕೊ, ಕಾರು ಕಲಿಸುವ ಶಾಲೆಯ ಶಿಕ್ಷಕಿ. ಎದುರಿಗೆ ಯಾರಾದರೂ ಜೋರಾಗಿ ಮಾತಾಡಿದರೂ ಸಾಕು, ಅವಳ ಬಲಗಾಲು ತಾನಾಗಿ ಬ್ರೇಕು ಒತ್ತುತ್ತಿತ್ತು.

ಕಾರ್ಯದರ್ಶಿ ಓತಾಕಿಯವರದು ತತಾಮಿ ಚಾಪೆ ಹೆಣೆಯುವ ಅಂಗಡಿ. ಒಕ್ಕೂಟದ ಕಚೇರಿ ಎಂದರೆ ಆ ಅಂಗಡಿಯ ಹಿಂಭಾಗದಲ್ಲಿ, ಹುಲ್ಲಿನ ಸುರುಳಿಗಳ ಸಂದಿಯಲ್ಲಿದ್ದ ಒಂದು ಮೇಜು. ಪ್ರತಿ ನವೆಂಬರ್‌ನಲ್ಲಿ ಅವರು ಒಂದು ಪೆಟ್ಟಿಗೆ ಕಿತ್ತಳೆ ಹೊತ್ತುಕೊಂಡು ಶಿಹೋಳ ಮನೆಗೆ ಬರುತ್ತಿದ್ದರು. ಬಾಗಿಲ ಮೆಟ್ಟಿಲ ಮೇಲೆ ಕೂತು ಮೊದಲು ಹವೆಯ ಸುದ್ದಿ ಆಡುವರು. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟು, ಹೆಸರಿಗೆ ಮರ್ಯಾದೆಯ ಸಾನ್ ಸೇರಿಸಿ, "ಪಾಪ, ರಿತ್ಸುಕೊ ಸಾನ್" ಎನ್ನುವರು.

"ಯಾಕೆ, ಏನಾಯ್ತು ಅವರಿಗೆ?"

"ಏನೂ ಆಗಿಲ್ಲ. ಬಹಳ ಆಸೆಯಿಂದ ಅಭ್ಯಾಸ ಮಾಡ್ತಿದಾರೆ. ನೀವು ಬರಲ್ಲ ಅಂದ್ರೆ ಅವರೂ ಹೋಗೋ ಹಾಗಿಲ್ವಲ್ಲ, ಅದಕ್ಕೆ ಪಾಪ ಅಂದೆ. ನೀವೇನೂ ಯೋಚ್ನೆ ಮಾಡ್ಬೇಡಿ. ಹಣ್ಣು ತಿನ್ನಿ."

ಬನ್ನಿ ಎಂದು ಅವರು ಒಮ್ಮೆಯೂ ಕರೆದವರಲ್ಲ. ಕರೆದಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು. ಶಿಹೋ ಹಣ್ಣು ಸುಲಿಯುವಳು. ಸಿಪ್ಪೆ ಬಿಡಿಸುವಷ್ಟರಲ್ಲಿ ಮನಸ್ಸು ಕರಗುವುದು. ಎರಡನೆಯ ಹಣ್ಣಿಗೆ ಕೈ ಹಾಕಿದಳೆಂದರೆ ಓತಾಕಿ ಎದ್ದು ನಿಂತು ಸೊಂಟದವರೆಗೆ ಬಾಗಿ ನಮಸ್ಕರಿಸಿ ಹೊರಟುಬಿಡುವರು.

ಐದನೆಯ ನಿವೃತ್ತಿ ಕಳೆದ ಆ ವರ್ಷ ಮಾತ್ರ ಅವಳು ಹಣ್ಣು ಮುಟ್ಟಬಾರದು ಎಂದುಕೊಂಡಿದ್ದಳು. ಕಾರ್ಖಾನೆಯ ಯಜಮಾನರು ಕೋಬೆ ನಗರದಲ್ಲಿ ಹೊಸ ಅಂಗಡಿ ತೆರೆಯುವವರಿದ್ದರು. ಅದನ್ನು ನೋಡಿಕೊಳ್ಳಲು ಶಿಹೋಳನ್ನು ಕೇಳಿದ್ದರು. ಎಷ್ಟೋ ವರ್ಷದಿಂದ ಎಣ್ಣೆ ಬಾಣಲೆಯ ಮುಂದೆ ನಿಂತು ಅವಳು ಕಂಡ ಕನಸು ಅದೊಂದೇ. ಆದರೆ ಅಂಗಡಿ ತೆರೆಯುವ ದಿನ ಕ್ರೀಡಾಕೂಟದ ನಡುವೆಯೇ ಬಂದಿತ್ತು.

ಓತಾಕಿ ಬಂದರು. ಹವೆಯ ಮಾತು ಮುಗಿಯಿತು. ಉಸಿರು ಬಿಟ್ಟರು. "ಪಾಪ, ರಿತ್ಸುಕೊ ಸಾನ್. ಹೊಸ ಉಡುಪು ಹೊಲಿಸಿದಾರೆ."

ಶಿಹೋ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಹೊಸ ಉಡುಪು ಎಂದಾಗ ಒಂದು ಕೈ ಹೊರಗೆ ಬಂತು.

ಕೋಬೆಗೆ ಬೇರೆ ಯಾರನ್ನೋ ಕಳಿಸಿದರು.

ಕ್ರೀಡಾಕೂಟ ನಡೆದದ್ದು ಉತ್ತರದ ಬೆಟ್ಟದೂರಿನಲ್ಲಿ. ಶಿಹೋ ಮೊದಲ ಜಿಗಿತದಲ್ಲೇ ಬಿದ್ದಳು. ರಿತ್ಸುಕೊ ಕೊನೆಯ ಜಿಗಿತದವರೆಗೆ ತಡೆದುಕೊಂಡು ಬಿದ್ದಳು. ಸಂಜೆ ಇಬ್ಬರೂ ವಸತಿಗೃಹದ ಬಿಸಿನೀರಿನ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ, ತಲೆಯ ಮೇಲೆ ಮಡಿಚಿದ ಟವೆಲ್ಲು ಇಟ್ಟುಕೊಂಡು ಕೂತಿದ್ದರು.

"ನೀನು ಬಿದ್ದಾಗಲೂ ಕೈ ಮಾತ್ರ ಚೆನ್ನಾಗಿ ಚಾಚಿದ್ದೆ ಶಿಹೋ ಚಾನ್" ಎಂದಳು ರಿತ್ಸುಕೊ.

"ನಿಮ್ಮ ಹೊಸ ಉಡುಪು ಕಾಣ್ಲಿಲ್ಲ?"

"ಯಾವ ಹೊಸದು? ಹಳೇದರದ್ದೇ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದು. ಇನ್ನೊಂದು ಸಲ ಬಿಚ್ಚಿದ್ರೆ ಬಟ್ಟೆ ಉಳಿಯಲ್ಲ, ಹೊಲಿಗೆ ಮಾತ್ರ ಉಳಿಯತ್ತೆ."

ಶಿಹೋ ನಗಲಿಲ್ಲ. ಈ ಇಬ್ಬರೂ ಅಷ್ಟು ವರ್ಷ ಒಂದೇ ಕಾರಿನಲ್ಲಿ ಸಮುದ್ರದ ಮೇಲಿನ ಸೇತುವೆ ದಾಟಿ ಕೋಬೆಯ ಸ್ಕೇಟಿಂಗ್ ಅಂಗಳಕ್ಕೆ ಅಭ್ಯಾಸಕ್ಕೆ ಹೋಗಿ ಬಂದವರು. ಸಮುದ್ರದ ಗಾಳಿ, ಡಬ್ಬಿಯ ತಿಂಡಿ, ಊರಿನ ಮದುವೆಗಳು, ಎಲ್ಲದರ ಬಗ್ಗೆಯೂ ಮಾತಾಡಿದ್ದರು. ನಿನಗಿದು ನಿಜವಾಗಿ ಬೇಕೇ ಎಂದು ಮಾತ್ರ ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಕೇಳಿದರೆ, ನನಗೆ ಬೇಡವಾಗಿದೆ ಎಂದು ತಾನೇ ಹೇಳಿಕೊಂಡ ಹಾಗೆ.

ಬಿಸಿನೀರಿಗೆ ನಾಲಿಗೆ ಸಡಿಲಾಗುತ್ತದೆ. ಶಿಹೋ ಕೇಳಿಯೇಬಿಟ್ಟಳು. "ರಿತ್ಸುಕೊ ಸಾನ್, ನಿಮಗೆ ಈ ಕ್ರೀಡಾಕೂಟ ಅಂದ್ರೆ ಅಷ್ಟೊಂದು ಪ್ರಾಣಾನಾ?"

"ನಂಗಾ? ನಿನಗಲ್ವಾ ಪ್ರಾಣ? ನಾನು ಬರಲ್ಲ ಅಂದ್ರೆ ಪಾಪ ಶಿಹೋ ಸಾನ್ ಮನೇಲಿ ಕೂತು ಅಳ್ತಾರೆ ಅಂತ ಓತಾಕಿ ಸಾನ್ ಹೇಳ್ತಿದ್ರು."

"ಕಿತ್ತಳೆ ತಂದಿದ್ರಾ?"

"ಪ್ರತಿ ವರ್ಷ."

ನೀರಿನೊಳಗೆ ರಿತ್ಸುಕೊಳ ಬಲಗಾಲು ಬ್ರೇಕು ಒತ್ತುತ್ತಿತ್ತು.

ಊರಿಗೆ ಬಂದವರೇ ನೇರ ತತಾಮಿ ಅಂಗಡಿಗೆ ಹೋದರು. ಓತಾಕಿ ದಬ್ಬಳ ಹಿಡಿದು ಚಾಪೆಯ ಅಂಚು ಹೊಲಿಯುತ್ತಿದ್ದರು. ಇಬ್ಬರೂ ಒಟ್ಟಿಗೆ ಬಂದದ್ದು ನೋಡಿ ದಬ್ಬಳ ಕೆಳಗಿಟ್ಟರು.

"ಅವರಿಗೆ ನನ್ನ ಹೆಸರು, ನನಗೆ ಅವರ ಹೆಸರು ಹೇಳ್ಕೊಂಡು ಇಷ್ಟು ವರ್ಷ ಕುಣಿಸಿದ್ರಲ್ಲ, ಓತಾಕಿ ಸಾನ್" ಎಂದಳು ಶಿಹೋ.

ಓತಾಕಿ ಚಾಪೆಗೆ ಹಣೆ ತಾಗಿಸಿ ಕ್ಷಮೆ ಕೇಳಿದರು. ತಲೆ ಎತ್ತದೆ ಅಲ್ಲಿಂದಲೇ ಹೇಳಿದರು: "ನಂಗೂ ಈ ಕಾರ್ಯದರ್ಶಿ ಕೆಲಸ ಬಿಡ್ಬೇಕು ಅಂತಿತ್ತು. ಸೊಂಟ ನೋವು. ಬಿಡ್ತೀನಿ ಅಂದಾಗೆಲ್ಲ ಅಧ್ಯಕ್ಷರು, ಪಾಪ ಆ ಇಬ್ಬರು ಹುಡುಗೀರ ಗತಿ ಏನು ಅಂತಿದ್ರು."

"ಅವರೂ ಹಣ್ಣು ಕೊಟ್ರಾ?"

"ಇಲ್ಲ. ಅವರ ಮನೇಲಿ ಮೂಲಂಗಿ ಬೆಳೀತಾರೆ."

ಆ ಮಧ್ಯಾಹ್ನ ಮೂವರೂ ಒಟ್ಟಿಗೆ ನಿವೃತ್ತರಾದರು. ಭಾಷಣ ಇರಲಿಲ್ಲ, ಟವೆಲ್ಲೂ ಇರಲಿಲ್ಲ. ಶಿಹೋಳಿಗೆ ಇದು ಆರನೆಯದು, ಆದರೂ ಮೊದಲನೆಯದರ ಹಾಗೆ ಹಗುರಾಯಿತು.

ಕೋಬೆಗೆ ಹೋಗಿದ್ದವಳು ಅಲ್ಲಿಯ ಗಿರಾಕಿಗಳ ಜೊತೆ ಜಗಳವಾಡಿ ವಾಪಸು ಬಂದದ್ದರಿಂದ ಆ ಅಂಗಡಿಯ ಹೊಣೆಯೂ ಶಿಹೋಳಿಗೇ ಬಂತು. ಅವಳು ಅಲ್ಲಿಗೇ ಮನೆ ಮಾಡಿದಳು. ಮೀನುವಡೆ ಚೆನ್ನಾಗಿ ಖರ್ಚಾಗುತ್ತಿತ್ತು. ಬೇಸಿಗೆಯಲ್ಲಿ ಒಂದು ಸಂಜೆ ಅಂಗಡಿ ಮುಚ್ಚಿ ಸುಮ್ಮನೆ ಅಡ್ಡಾಡುತ್ತ ಹಳೆಯ ಅಂಗಳದ ಬಾಗಿಲಿಗೆ ಬಂದು ನಿಂತಳು. ಒಳಗಿನ ತಣ್ಣನೆ ವಾಸನೆ ಮೂಗಿಗೆ ಬಡಿಯಿತು. ಮರುದಿನ ಸ್ಕೇಟಿಂಗ್ ಬೂಟು ತಂದಳು. ಯಾರ ಪಾಪಕ್ಕೂ ಅಲ್ಲದೆ, ಯಾವ ಪ್ರಾಂತ್ಯಕ್ಕೂ ಅಲ್ಲದೆ ಜಿಗಿಯುವುದು ಹೊಸ ರುಚಿಯಾಗಿತ್ತು. ವರ್ಷಗಳಿಂದ ಕೈಕೊಟ್ಟಿದ್ದ ಜಿಗಿತವೊಂದು ಮರಳಿ ಬಂತು. ಅದನ್ನು ನೋಡಲು ಪಕ್ಕದಲ್ಲಿ ರಿತ್ಸುಕೊ ಇಲ್ಲವಲ್ಲ ಎಂದು ಮೊದಲ ಸಲ ಅನಿಸಿತು.

ನವೆಂಬರ್ ಬಂತು. ಕೋಬೆಯಲ್ಲಿದ್ದರೂ ಹುಟ್ಟಿದ ಪ್ರಾಂತ್ಯದ ಹೆಸರಿನಲ್ಲಿ ಆಡಲು ಅಡ್ಡಿಯಿರಲಿಲ್ಲ. ಅವಳನ್ನು ಕರೆಯುವವರೇ ಇರಲಿಲ್ಲ. "ಕಿತ್ತಳೆ ಏನಾದ್ರೂ ಬಂತಾ?" ಎಂದು ಅಮ್ಮನಿಗೆ ಫೋನು ಮಾಡಿದಳು.

"ನಿವೃತ್ತಿ ಆದವಳಿಗೆ ಯಾರು ಕೊಡ್ತಾರೆ? ಬೇಕಿದ್ರೆ ಕೊಂಡು ತಿನ್ನು."

ಶಿಹೋ ಕೊಂಡಳು, ಒಂದು ಪೆಟ್ಟಿಗೆ. ಅದನ್ನು ಹೊತ್ತುಕೊಂಡು ಭಾನುವಾರ ತತಾಮಿ ಅಂಗಡಿಗೆ ಹೋದಾಗ ಹೊರಗೆ ಕಾರು ಶಾಲೆಯ ಕಾರೊಂದು ಅಚ್ಚುಕಟ್ಟಾಗಿ ನಿಂತಿತ್ತು. ಒಳಗೆ ರಿತ್ಸುಕೊ ಕೂತಿದ್ದಳು. ಅವಳ ಮುಂದೆಯೂ ಒಂದು ಪೆಟ್ಟಿಗೆ ಕಿತ್ತಳೆ. ಓತಾಕಿ ಮೂಲೆಯಲ್ಲಿ ಮುದುಡಿಕೊಂಡಿದ್ದರು.

"ನನ್ನ ಜೊತೆ ಮಾತಾಡಿ ಪ್ರಯೋಜನ ಇಲ್ಲ, ನಾನೀಗ ಕಾರ್ಯದರ್ಶಿ ಅಲ್ಲ" ಎಂದರು.

"ಮತ್ತೆ ಯಾರು?" ಎಂದಳು ಶಿಹೋ.

"ಮೂವರು ಉಪಾಧ್ಯಕ್ಷರೂ ನೀವಾಗಿ, ನೀವಾಗಿ ಅಂತ ಒಬ್ಬರಿಗೊಬ್ಬರು ಬಗ್ಗಿ ನಮಸ್ಕಾರ ಮಾಡ್ತಾನೇ ಇದಾರೆ. ಇನ್ನೂ ಮುಗಿದಿಲ್ಲ. ಅಂದಹಾಗೆ ನಿಮ್ಮ ಅಂಗಡಿ ಕಥೆ ಏನು? ಜನವರೀಲಿ ರಜೆ ಯಾರು ಕೊಡ್ತಾರೆ?"

"ಅಲ್ಲಿ ಯಜಮಾನಿ ನಾನೇ. ನಾನೇ ಕೇಳ್ಕೊಂಡು ನಾನೇ ಕೊಟ್ಕೋತೀನಿ."

ಶಿಹೋ ಮೆಟ್ಟಿಲ ಮೇಲೆ ಕೂತಳು. ಈ ಸಲ ಚಳಿ ಬೇಗ ಬಂತು ಎಂದಳು. ಹೌದು, ಗಾಳಿಯೂ ಜಾಸ್ತಿ ಎಂದಳು ರಿತ್ಸುಕೊ. ಶಿಹೋ ದೀರ್ಘವಾಗಿ ಉಸಿರು ಬಿಟ್ಟಳು.

"ಪಾಪ, ರಿತ್ಸುಕೊ ಸಾನ್."

ರಿತ್ಸುಕೊ ತಲೆ ತಗ್ಗಿಸಿ ಪಾಪದವಳ ಹಾಗೆ ಕೂತಳು.

"ಅರ್ಜಿ ಮೇಲೆ ಕಾರ್ಯದರ್ಶಿ ಮೊಹರು ಇಲ್ಲ ಅಂದ್ರೆ ನಮ್ಮ ಹೆಸರು ಹೋಗೋ ಹಾಗಿಲ್ವಲ್ಲ, ಅದಕ್ಕೆ ಪಾಪ ಅಂದೆ. ನೀವೇನೂ ಯೋಚ್ನೆ ಮಾಡ್ಬೇಡಿ, ಓತಾಕಿ ಸಾನ್. ಹಣ್ಣು ತಿನ್ನಿ."

ಓತಾಕಿ ಎರಡು ಪೆಟ್ಟಿಗೆಗಳನ್ನೂ ಬಹಳ ಹೊತ್ತು ನೋಡಿದರು. ಸೊಂಟ ಹಿಡಿದುಕೊಂಡು ಮುಂದೆ ಸರಿದು ಒಂದು ಹಣ್ಣು ತೆಗೆದುಕೊಂಡು ಸುಲಿದು ತಿಂದರು. ಹುಳಿ ಇದೆ ಎಂದರು. ಆಮೇಲೆ ಎರಡನೆಯದಕ್ಕೆ ಕೈ ಹಾಕಿದರು. ಹೆಂಗಸರಿಬ್ಬರೂ ಎದ್ದು ನಿಂತು, ಸೊಂಟದವರೆಗೆ ಬಾಗಿ ನಮಸ್ಕರಿಸಿ ಹೊರಟುಬಿಟ್ಟರು.